ಮಿನಿಮೋಗ್, ಜೂನೊ, ಪ್ರಾಫೆಟ್: ಸಾಫ್ಟ್‌ವೇರ್ ನಕಲುಗಳನ್ನು ಒರೆಗೆ ಹಚ್ಚುವ ಬಗೆ

ಕಲಬುರಗಿ ಕಡೆಯ ಆರ್ಕೆಸ್ಟ್ರಾದವರ ನಡುವೆ ಪ್ಲಗಿನ್ (ಹಳೆಯ ಸಿಂಥಸೈಜರ್ ಯಂತ್ರವನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವ ಸಾಫ್ಟ್‌ವೇರ್) ಮಾತು ಬಂದರೆ ತೀರ್ಪು ಎರಡು ಸಾಲಿನಲ್ಲಿ ಮುಗಿಯುತ್ತದೆ: "ಇದರ ಆವಾಜ್ ದಪ್ಪ ಅದ, ಅದರದು ತೆಳ್ಳಗ ಅದ." ಆದರೆ ಅದು ಪ್ಲಗಿನ್ ಮೇಲಿನ ತೀರ್ಪಲ್ಲ, ಪ್ರೀಸೆಟ್ ಮೇಲಿನ, ಅಂದರೆ ಕಂಪನಿ ಮೊದಲೇ ಕಟ್ಟಿಟ್ಟ ಸದ್ದಿನ ಮೇಲಿನ ತೀರ್ಪು. ಒಂದು ಕಂಪನಿ ಮೊದಲ ಪ್ರೀಸೆಟ್‌ಗೇ ರಿವರ್ಬ್, ಡಿಲೇ, ಯೂನಿಸನ್ (ಒಂದೇ ಸ್ವರವನ್ನು ಹಲವು ಪದರದಲ್ಲಿ ನುಡಿಸುವುದು) ಎಲ್ಲ ಸುರಿದು, 4 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಜೋರಾಗಿಯೂ ಇಟ್ಟಿರುತ್ತದೆ. ಇನ್ನೊಂದು ಕಂಪನಿ ಒಣ ಸದ್ದನ್ನೇ ಕೊಟ್ಟಿರುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ಕೇಳುವುದು, ಒಬ್ಬರ ಒಗ್ಗರಣೆ ಹಾಕಿದ ಪಲ್ಯವನ್ನು ಇನ್ನೊಬ್ಬರ ಬೇಯಿಸಿದ ಬದನೆಕಾಯಿಗೆ ಹೋಲಿಸಿದಂತೆ. ಪ್ರೀಸೆಟ್ ಬದಿಗಿಟ್ಟು, ಒಂದೇ ಪ್ಯಾಚನ್ನು (ನಾಬ್‌ಗಳ ಜೋಡಣೆಯನ್ನು) ಎರಡೂ ಕಡೆ ಕೈಯಾರೆ ಕಟ್ಟಿ, ಮಟ್ಟ ಸಮ ಮಾಡಿ ಕೇಳಬೇಕು. ಅದಕ್ಕೆ ಒಂದು ರವಿವಾರದ ಅರ್ಧ ದಿನ ಸಾಕು.

ಅಸಲಿ ಯಂತ್ರ ನಮ್ಮ ಕೈಗೆ ಸಿಗುವಂತಿಲ್ಲ. 1970ರ ಮಿನಿಮೋಗ್ ಮಾಡೆಲ್ ಡಿ, 1978ರ ಪ್ರಾಫೆಟ್-5, 1982ರ ಜೂನೊ-60 ಇವುಗಳಲ್ಲಿ ಒಂದನ್ನಾದರೂ ಬೀದರಿನಲ್ಲೋ ಯಾದಗಿರಿಯಲ್ಲೋ ಮುಟ್ಟಿ ನೋಡುತ್ತೇವೆ ಎಂದರೆ ಆಗದ ಮಾತು. ಸಿಕ್ಕರೂ ಸಮಸ್ಯೆ ತೀರದು. ನಲವತ್ತು ಐವತ್ತು ವರ್ಷ ಹಳೆಯ ಎರಡು ಮಿನಿಮೋಗ್‌ಗಳೇ ಒಂದರಂತೆ ಒಂದು ನುಡಿಯುವುದಿಲ್ಲ, ಸಾಫ್ಟ್‌ವೇರಿನವರು ನಕಲು ಮಾಡಿದ್ದು ಅವರ ಎದುರಿಗಿದ್ದ ಒಂದನ್ನು. ಹಾಗಾಗಿ "ಅಸಲಿಯಂತೆ ಇದೆಯೇ" ಎಂದು ಕೇಳುವ ಬದಲು ಆ ಸರ್ಕ್ಯೂಟಿನ ಗುಣ ಇದರಲ್ಲಿ ಕಾಣುತ್ತದೆಯೇ ಎಂದು ಕೇಳಬೇಕು. ಸರ್ಕ್ಯೂಟಿನ ಗುಣಗಳು ಗೊತ್ತಿರುವಂಥವು, ಅಳೆಯಲು ಬರುವಂಥವು.

ಹೆಸರಿನ ಬಗ್ಗೆ ಒಂದು ಮಾತು. ಇಲ್ಲಿ ಎಲ್ಲರೂ "ಮೂಗ್" ಅನ್ನುತ್ತಾರೆ. ಆ ಸಿಂಥ್ ಕಂಪನಿಯ ಸ್ಥಾಪಕ ರಾಬರ್ಟ್ ಮೋಗ್ ತಮ್ಮ ಹೆಸರನ್ನು ಹೇಳುತ್ತಿದ್ದದ್ದು "ಮೋಗ್" ಎಂದೇ. ಹಾಗಂತ ಕನ್ನಡದ ಮೂಗು ಪೂರ್ತಿ ಅಪ್ರಸ್ತುತವೂ ಅಲ್ಲ, ಆ ಯಂತ್ರದ ಫಿಲ್ಟರಿನ (ಸದ್ದಿನ ಮೇಲಿನ ಭಾಗ ಕತ್ತರಿಸುವ ಸರ್ಕ್ಯೂಟ್) ರೆಸೊನೆನ್ಸ್, ಅಂದರೆ ಕತ್ತರಿಸುವ ಜಾಗದಲ್ಲಿನ ಉಬ್ಬು, ಏರಿಸಿದರೆ ಸದ್ದು ಮೂಗಿನಲ್ಲೇ ಹಾಡಿದಂತೆ ಬರುತ್ತದೆ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಇದ್ದರೆ ಸಾಕು, 60 ದಿನ ಪರೀಕ್ಷೆಗೆ ಬಳಸಬಹುದು. ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂಬ ಚಿತ್ರ) ನೋಡಲು ವಾಕ್ಸೆಂಗೊ ಸ್ಪ್ಯಾನ್, ಮಟ್ಟ ಅಳೆಯಲು ಯೂಲೀನ್ ಲೌಡ್‌ನೆಸ್ ಮೀಟರ್. ಸ್ಪ್ಯಾನ್ ಪೂರ್ತಿ ಉಚಿತ, ಯೂಲೀನ್‌ಗೆ ಉಚಿತ ಆವೃತ್ತಿಯೊಂದಿದೆ. ಕಿವಿಗೆ ಮುಚ್ಚಿದ ಹೆಡ್‌ಫೋನ್ ಇರಲಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ 65 ಹರ್ಟ್ಸ್‌ನ ಬಾಸ್ ಸ್ವರದ ಬುಡವೇ ಕೇಳದು, ಕೇಳುವುದು ಅದರ ಮೇಲಿನ, ಎರಡು ಮೂರು ಪಟ್ಟಿನ ಹಾರ್ಮೋನಿಕ್‌ಗಳು ಮಾತ್ರ.

ಬೇಸಿಗೆಯಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ತೊಂದರೆಯಿದೆ: ಏರ್ ಕೂಲರ್. ಅದರ ಗಾಳಿಯ ಸದ್ದು, ಜೂನೊದಲ್ಲಿ ಅಗಲ ತರುವ ಎಫೆಕ್ಟಾದ ಕೋರಸ್‌ನ ಹಿಸ್ ಅನ್ನೂ (ಸುಯ್ಯೆನ್ನುವ ಸದ್ದು) ಕೀಲಿ ಬಿಟ್ಟ ಮೇಲಿನ ರಿಲೀಸ್‌ನ ಕೊನೆಯ ಬಾಲವನ್ನೂ ನುಂಗಿಬಿಡುತ್ತದೆ. ರೆಂಡರ್ (ಸದ್ದನ್ನು ಫೈಲಾಗಿ ಉಳಿಸುವುದು) ಮಾಡುವಾಗ ಓಡಲಿ, ಕೇಳುವ ಹತ್ತು ನಿಮಿಷ ಮಾತ್ರ ನಿಲ್ಲಿಸಿ.

ಹೋಲಿಕೆಗೆ ಒಂದೇ ಯಂತ್ರದ ನಕಲುಗಳನ್ನು ಆರಿಸಿ. ಮಿನಿಮೋಗ್‌ಗೆ ಆರ್ಟೂರಿಯಾ ಮಿನಿ ವಿ, ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಮೊನಾರ್ಕ್, ಸಿನಾಪ್ಸ್‌ನ ದಿ ಲೆಜೆಂಡ್, ಸಾಫ್ಟ್‌ಟ್ಯೂಬ್ ಮಾಡೆಲ್ 72. ಜೂನೊ-60ಕ್ಕೆ ಟಾಲ್-ಯು-ನೋ-ಎಲ್‌ಎಕ್ಸ್, ಆರ್ಟೂರಿಯಾ ಜುನ್-6 ವಿ, ರೋಲ್ಯಾಂಡ್ ಕ್ಲೌಡ್‌ನ ಜೂನೊ-60. ಪ್ರಾಫೆಟ್-5ಕ್ಕೆ ಯು-ಹಿ ರೆಪ್ರೊ-5, ಆರ್ಟೂರಿಯಾ ಪ್ರಾಫೆಟ್-5 ವಿ. ಯು-ಹಿ ಡೀವಾ ಯಾವುದೋ ಒಂದು ಯಂತ್ರದ ನಕಲಲ್ಲ, ಬೇರೆಬೇರೆ ಯಂತ್ರಗಳ ಆಸಿಲೇಟರು (ಮೂಲ ಅಲೆ ಹುಟ್ಟಿಸುವ ಭಾಗ), ಫಿಲ್ಟರುಗಳನ್ನು ಬೇಕಾದಂತೆ ಜೋಡಿಸುವ ಪ್ಲಗಿನ್. ಮಿನಿಮೋಗ್ ಜೊತೆ ಹೋಲಿಸುವಾಗ ಅದರಲ್ಲಿ ಮೂರು ಆಸಿಲೇಟರಿನ ಮಾಡ್ಯೂಲ್ ಮತ್ತು ಲ್ಯಾಡರ್ ಫಿಲ್ಟರನ್ನೇ (ಮೋಗ್ ಮಾದರಿಯ ನಾಲ್ಕು ಹಂತದ ಫಿಲ್ಟರ್) ಹಾಕಿರಬೇಕು. ದುಡ್ಡು ಹಾಕುವ ಮೊದಲು ಕೈ ಪಳಗಿಸಲು ಚೆರ್ರಿ ಆಡಿಯೊದ ಉಚಿತ ಸರ್ರಿಯಲಿಸ್ಟಿಕ್ ಎಂಜಿ-1 ಪ್ಲಸ್ ಇದೆ. ಅದರ ಮೂಲ, ಮೋಗ್ ಕಂಪನಿ ರೇಡಿಯೊ ಶ್ಯಾಕ್ ಅಂಗಡಿಗಳಿಗಾಗಿ ಮಾಡಿಕೊಟ್ಟಿದ್ದ ಚಿಕ್ಕ ಸಿಂಥ್.

ದುಡ್ಡಿನ ಪ್ಲಗಿನ್‌ಗಳಿಗೆ ಸಾಮಾನ್ಯವಾಗಿ ಡೆಮೊ ಇರುತ್ತದೆ. ಕೆಲವು ಡೆಮೊ ಆಗಾಗ ಚಟಪಟ ಸದ್ದು ಸೇರಿಸುತ್ತವೆ, ಕೆಲವು 20 ನಿಮಿಷಕ್ಕೆ ಬಾಯಿ ಮುಚ್ಚುತ್ತವೆ. ಆ ಚಟಪಟವನ್ನು ಪ್ಲಗಿನ್‌ನ ದೋಷವೆಂದು ಬರೆದುಕೊಳ್ಳಬೇಡಿ. ಅದು ಬಂದ ರೆಂಡರ್ ಬಿಟ್ಟು ಇನ್ನೊಮ್ಮೆ ರೆಂಡರ್ ಮಾಡಿ. ಕ್ರ್ಯಾಕ್ ಮಾಡಿದ ಪ್ರತಿಯಿಂದ ಹೋಲಿಕೆ ಮಾಡಿ ಉಪಯೋಗವಿಲ್ಲ. ಅದರೊಳಗೆ ಏನು ಕಿತ್ತಿದ್ದಾರೆ, ಏನು ಹಾಕಿದ್ದಾರೆ ಎಂದು ಹೇಳುವವರಿಲ್ಲ.

ಕೀಬೋರ್ಡ್ ಯಾವುದಾದರೂ ನಡೆಯುತ್ತದೆ. ಈ ಭಾಗದ ವೇದಿಕೆಗಳಲ್ಲಿ ಕಾಣುವ ರೋಲ್ಯಾಂಡ್ ಎಕ್ಸ್‌ಪಿಎಸ್-10 ಇರಲಿ, ಯುಎಸ್‌ಬಿ ಇರುವ ಯಮಾಹಾ ಪಿಎಸ್‌ಆರ್ ಇರಲಿ, ಎರಡು ವಿಷಯ ನೋಡಿಕೊಳ್ಳಿ. ಲೋಕಲ್ ಕಂಟ್ರೋಲ್ ಆಫ್ ಇರಬೇಕು ಅಥವಾ ಕೀಬೋರ್ಡಿನ ವಾಲ್ಯೂಮ್ ಸೊನ್ನೆಗಿರಬೇಕು. ಇಲ್ಲವಾದರೆ ಅದರದೇ ಟೋನ್ ಪ್ಲಗಿನ್ ಜೊತೆ ಬೆರೆತು "ದಪ್ಪ" ಅನ್ನಿಸುತ್ತದೆ. ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿರಬೇಕು. ಹಿಂದಿನ ರಾತ್ರಿ ಗಾಯಕರಿಗೆಂದು ಕಾಳಿ ಎರಡಕ್ಕೆ (ಎರಡನೇ ಕಪ್ಪು ಕೀಲಿಯ ಶ್ರುತಿಗೆ) ಏರಿಸಿಟ್ಟದ್ದು ಹಾಗೇ ಉಳಿದಿರುತ್ತದೆ. ಕೆಲವು ಕೀಬೋರ್ಡು ಟ್ರಾನ್ಸ್‌ಪೋಸ್ ಆದ ಸ್ವರವನ್ನೇ ಮಿಡಿಯಲ್ಲಿ (ಯಾವ ಕೀಲಿ ಒತ್ತಿತು ಎಂದು ಕಂಪ್ಯೂಟರಿಗೆ ತಿಳಿಸುವ ಸಂಕೇತ) ಕಳಿಸುತ್ತವೆ, ಕೆಲವು ಕಳಿಸುವುದಿಲ್ಲ.

ಶೂನ್ಯದಿಂದ ಒಂದೇ ಪ್ಯಾಚ್

ಬೆರಳಿನಿಂದ ನುಡಿಸಿ ಹೋಲಿಸಬೇಡಿ, ಎರಡನೇ ಸಲ ಬೆರಳು ಬೇರೆ ಭಾರ ಹಾಕುತ್ತದೆ. ಒಂದು ಮಿಡಿ ಐಟಂ ಬರೆದು, ಪ್ರತಿ ಪ್ಲಗಿನ್‌ಗೆ ಒಂದು ಟ್ರ್ಯಾಕ್ ಮಾಡಿ, ಅದನ್ನೇ ನಕಲು ಹಾಕಿ. ಪ್ರಾಜೆಕ್ಟಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬುದು) 44,100 ಹರ್ಟ್ಸ್. ಸ್ವರಗಳು ಮಿಡಿ ನಂಬರ್ 36, 48, 60, 72, 108. ಒಂದೊಂದು ಎರಡು ಸೆಕೆಂಡು, ನಡುವೆ ಒಂದು ಸೆಕೆಂಡು ಖಾಲಿ, ವೆಲಾಸಿಟಿ (ಕೀಲಿ ಒತ್ತಿದ ಬಲ) ಎಲ್ಲಕ್ಕೂ 100. ಸ್ವರದ ಹೆಸರು ಬರೆಯದೆ ನಂಬರನ್ನೇ ಬಳಸುವುದಕ್ಕೆ ಕಾರಣವಿದೆ: 60ನೇ ಸ್ವರವನ್ನು ಒಂದು ತಂತ್ರಾಂಶ ಸಿ3 ಅನ್ನುತ್ತದೆ, ಇನ್ನೊಂದು ಸಿ4 ಅನ್ನುತ್ತದೆ.

ಮಿನಿಮೋಗ್ ಪ್ಯಾಚ್ ಹೀಗಿರಲಿ. ಮೊದಲ ಆಸಿಲೇಟರ್ ಮಾತ್ರ ಆನ್, ಸಾ-ಟೂತ್ (ಗರಗಸದ ಹಲ್ಲಿನಂಥ) ಅಲೆ, ರೇಂಜ್ (ಸಪ್ತಕ ಆರಿಸುವ ನಾಬ್) 8 ಅಡಿ. ಮಿಕ್ಸರಿನಲ್ಲಿ ಅದು 3ಕ್ಕೆ, ಉಳಿದವೆಲ್ಲ ಆಫ್. ಕಟಾಫ್ (ಫಿಲ್ಟರ್ ಕತ್ತರಿಸಲು ಶುರುಮಾಡುವ ಜಾಗ) ಪೂರ್ತಿ ತೆರೆದಿರಲಿ. ಎಂಫಸಿಸ್ (ಮಿನಿಮೋಗ್‌ನಲ್ಲಿ ರೆಸೊನೆನ್ಸಿನ ಹೆಸರು) ಸೊನ್ನೆ, ಫಿಲ್ಟರಿಗೆ ಹೋಗುವ ಎನ್ವಲಪ್ (ಪ್ರತಿ ಸ್ವರದ ಏರು-ಇಳಿತದ ಆಕಾರ) ಪ್ರಮಾಣ ಸೊನ್ನೆ, ಸ್ವರ ಏರಿದಂತೆ ಕಟಾಫನ್ನೂ ಏರಿಸುವ ಕೀಬೋರ್ಡ್ ಕಂಟ್ರೋಲ್ ಸ್ವಿಚ್ ಎರಡೂ ಆಫ್. ಲೌಡ್‌ನೆಸ್ ಎನ್ವಲಪ್‌ನಲ್ಲಿ ಅಟ್ಯಾಕ್ ಕನಿಷ್ಠ, ಸಸ್ಟೇನ್ 10, ಡಿಕೇ ಸ್ವಿಚ್ ಆಫ್. ಗ್ಲೈಡ್, ಎಫೆಕ್ಟ್, ಯೂನಿಸನ್ ಎಲ್ಲ ಆಫ್. ವೆಲಾಸಿಟಿ ಎಲ್ಲಿಗೂ ಜೋಡಿಸಿರಬಾರದು. ಮಿನಿಮೋಗ್, ಜೂನೊ-60, ಪ್ರಾಫೆಟ್-5 ಯಾವುದರ ಕೀಲಿಗೂ ಬೆರಳಿನ ಭಾರ ತಿಳಿಯುತ್ತಿರಲಿಲ್ಲ, ವೆಲಾಸಿಟಿ ಪ್ಲಗಿನ್‌ನವರು ಮೇಲೆ ಸೇರಿಸಿದ್ದು.

8 ಅಡಿ ಎಂದು ಬರೆದಿದ್ದರೂ ಒಂದು ಪ್ಲಗಿನ್ ಒಂದು ಸಪ್ತಕ ಕೆಳಗೆ ನುಡಿಯಬಹುದು. 60ನೇ ಸ್ವರ ಸ್ಪ್ಯಾನ್‌ನಲ್ಲಿ 261.6 ಹರ್ಟ್ಸ್ ತೋರಿಸಬೇಕು. ತೋರಿಸದಿದ್ದರೆ ರೇಂಜ್ ಬದಲಿಸಿ. ನಾಬ್ ಮೇಲಿನ ಅಂಕಿಯನ್ನು ನಂಬದಿರುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಒಂದು ಪ್ಲಗಿನ್‌ನ "ಕಟಾಫ್ 5" ಇನ್ನೊಂದರ 5 ಅಲ್ಲವೇ ಅಲ್ಲ.

ಮಟ್ಟ ಸಮ ಮಾಡದೆ ಕೇಳಬೇಡಿ

ಎರಡು ಸದ್ದುಗಳಲ್ಲಿ ಒಂದು ಬರೀ 1 ಡಿಬಿ ಜೋರಾಗಿದ್ದರೂ ಕಿವಿ ಅದನ್ನು ಜೋರು ಎಂದು ಗುರುತಿಸದು, "ಚೊಲೊ ಅದ" ಎಂದು ಗುರುತಿಸುತ್ತದೆ. ಪ್ಲಗಿನ್ ಜಗಳಗಳ ಬೇರು ಹೆಚ್ಚಾಗಿ ಇಲ್ಲೇ ಇರುವುದು.

ಪ್ರತಿ ಟ್ರ್ಯಾಕನ್ನು ವೇವ್ ಫೈಲಾಗಿ ರೆಂಡರ್ ಮಾಡಿ, ಪೀಕ್ −12 ಡಿಬಿ ದಾಟದಿರಲಿ. ಯೂಲೀನ್‌ನಲ್ಲಿ ಇಂಟಿಗ್ರೇಟೆಡ್ ಅಂಕಿ (ಇಡೀ ಫೈಲಿನ ಸರಾಸರಿ ಜೋರು, ಎಲ್‌ಯುಎಫ್‌ಎಸ್ ಮಾನದಲ್ಲಿ) ನೋಡಿ, ಎಲ್ಲವನ್ನೂ ಒಂದೇ ಗುರಿಗೆ ತನ್ನಿ. −23 ಇಟ್ಟುಕೊಳ್ಳಬಹುದು. ವ್ಯತ್ಯಾಸ 0.2 ಡಿಬಿಗಿಂತ ಹೆಚ್ಚಿರಬಾರದು. ಸರಿಪಡಿಸುವುದು ಟ್ರ್ಯಾಕಿನ ಫೇಡರಿನಲ್ಲಿ ಅಥವಾ ಫೈಲಿನ ಐಟಂ ವಾಲ್ಯೂಮಿನಲ್ಲಿ. ಪ್ಲಗಿನ್ ಒಳಗಿನ ಮಿಕ್ಸರ್ ನಾಬ್ ಮುಟ್ಟಿದಿರೋ, ಫಿಲ್ಟರಿಗೆ ಹೋಗುವ ಬಲವೇ ಬದಲಾಗಿ ಸದ್ದಿನ ಬಣ್ಣವೂ ಬದಲಾಗುತ್ತದೆ. ಈ ತಪ್ಪು ತುಂಬ ಸಾಮಾನ್ಯ. ಪ್ಯಾಚ್ ಬದಲಿಸಿದಾಗಲೆಲ್ಲ ಮಟ್ಟವನ್ನು ಮತ್ತೆ ಸಮ ಮಾಡಬೇಕು. ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ.

ಆಸಿಲೇಟರ್: 108ನೇ ಸ್ವರ ಬಾಯಿ ಬಿಡಿಸುತ್ತದೆ

ಕೆಳಗಿನ ಸ್ವರಗಳಲ್ಲಿ ಇವತ್ತಿನ ಸಾ-ಟೂತ್‌ಗಳೆಲ್ಲ ಸರಿಸುಮಾರು ಒಂದೇ. ದೋಷ ಬಚ್ಚಿಟ್ಟುಕೊಳ್ಳಲಾಗದ ಜಾಗ ಮೇಲಿನ ಸಪ್ತಕ. 108ನೇ ಸ್ವರ 4,186 ಹರ್ಟ್ಸ್. ಅದರ ಹತ್ತನೇ ಹಾರ್ಮೋನಿಕ್ 41,860 ಹರ್ಟ್ಸ್‌ನಲ್ಲಿ ಬೀಳಬೇಕು. 44,100ರ ಪ್ರಾಜೆಕ್ಟಿನಲ್ಲಿ 22,050ರ ಮೇಲೆ ಜಾಗವಿಲ್ಲ, ಹಾಗಾಗಿ ಅದು ಗೋಡೆಗೆ ಬಡಿದ ಚೆಂಡಿನಂತೆ ಮಡಚಿ 2,240 ಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ. ಹನ್ನೊಂದನೆಯದು 1,946ಕ್ಕೆ. ಎರಡೂ ಮೂಲಸ್ವರಕ್ಕಿಂತ ಕೆಳಗೆ, ಅಲ್ಲಿ ಏನೂ ಇರಬಾರದ ಜಾಗದಲ್ಲಿ. ಇದೇ ಏಲಿಯಾಸಿಂಗ್. ಯಾವ ಎಚ್ಚರಿಕೆಯೂ ಇಲ್ಲದೆ ಬರೆದ ಸಾ-ಟೂತ್‌ನಲ್ಲಿ ಆ ಹತ್ತನೇ ಗೆರೆ ಮೂಲಕ್ಕಿಂತ 20 ಡಿಬಿ ಮಾತ್ರ ಕೆಳಗಿರುತ್ತದೆ, ಚೆನ್ನಾಗಿ ಕೇಳುತ್ತದೆ. 80 ಡಿಬಿ ಕೆಳಗಿದ್ದರೆ ಮರೆತುಬಿಡಿ. ಪ್ರಾಜೆಕ್ಟ್ 48,000 ಇದ್ದರೆ 10ನೆಯದು 6,140ಕ್ಕೆ ಬೀಳುತ್ತದೆ, ಲೆಕ್ಕ ಬದಲಿಸಿಕೊಳ್ಳಿ.

ಅಳತೆ ಬೇಡ, ಕಿವಿ ಸಾಕು ಎನ್ನುವವರು ಆ ಸ್ವರ ಹಿಡಿದು ಪಿಚ್ ಬೆಂಡನ್ನು ನಿಧಾನವಾಗಿ ಮೇಲಕ್ಕೆ ತಳ್ಳಲಿ. ಸ್ವರ ಮೇಲೆ ಹೋಗುತ್ತಿರುವಾಗ ಇನ್ನೊಂದೇನೋ ಕೆಳಕ್ಕೆ ಇಳಿಯುವುದು ಕೇಳಿದರೆ ಅದೇ ಏಲಿಯಾಸಿಂಗ್.

ಎರಡನೇ ಪರೀಕ್ಷೆ ಯಾದೃಚ್ಛಿಕತೆಯದು. ಒಂದೇ ಪ್ಲಗಿನ್‌ನಿಂದ ಒಂದೇ ಮಿಡಿಯನ್ನು ಎರಡು ಸಲ ರೆಂಡರ್ ಮಾಡಿ, ಒಂದರ ಫೇಸ್ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಒಟ್ಟಿಗೆ ನುಡಿಸಿ. ಪೂರ್ತಿ ಮೌನವಾದರೆ ಎರಡೂ ಸಲ ಪ್ರತಿ ಸ್ವರವೂ ಒಂದೇ ಬಿಂದುವಿನಿಂದ ಶುರುವಾಗಿದೆ, ಯಾದೃಚ್ಛಿಕ ಏರಿಳಿತವಿಲ್ಲ. ಅಸಲಿ ಮಿನಿಮೋಗ್‌ನ ಆಸಿಲೇಟರುಗಳು ಕೀಲಿ ಒತ್ತದಿದ್ದರೂ ಒಳಗೆ ಓಡುತ್ತಲೇ ಇರುತ್ತವೆ, ಆದ್ದರಿಂದ ಪ್ರತಿ ಸ್ವರದ ಮೊದಲ ಕ್ಷಣ ಬೇರೆಬೇರೆ. ಒಂದೇ ಬಾಸ್ ಸ್ವರವನ್ನು ಹದಿನಾರು ಸಲ ಬಡಿದಾಗ ಮಷಿನ್ ಗನ್ ಥರ ಕೇಳುವುದು ಇದು ಇಲ್ಲದ ಕಡೆ. ಈ ಪರೀಕ್ಷೆಯನ್ನು ಎರಡು ಬೇರೆ ಪ್ಲಗಿನ್‌ಗಳ ನಡುವೆ ಮಾಡಿದರೆ ಅರ್ಥವಿಲ್ಲ, ಫೇಸ್ ಬೇರೆಯಿದ್ದರೆ ಸದ್ದು ಒಂದೇ ಇದ್ದರೂ ಮೌನ ಬರುವುದಿಲ್ಲ.

ಡ್ರಿಫ್ಟ್ (ಶ್ರುತಿ ತುಸು ತುಸು ಸರಿಯುವುದು) ನಾಬ್ ಕಂಡರೆ ಹಿಗ್ಗಬೇಡಿ. ಮಿನಿಮೋಗ್, ಪ್ರಾಫೆಟ್‌ಗಳಿಗೆ ಅದು ಸಹಜ. ಜೂನೊದ ಆಸಿಲೇಟರಿಗೆ ಡಿಜಿಟಲ್ ಕ್ಲಾಕಿನ ಹಿಡಿತ ಇರುವುದರಿಂದ ಅದು ಶ್ರುತಿ ಬಿಡುವುದಿಲ್ಲ. ತತ್ವಪದಕ್ಕೋ ಭಜನೆಗೋ ಹಾರ್ಮೋನಿಯಂ ಪಕ್ಕದಲ್ಲಿ ಸಿಂಥ್ ನುಡಿಸುವವರಂತೂ ಇದನ್ನು ಅಳೆಯಲೇಬೇಕು. ಹಾರ್ಮೋನಿಯಂ ರೀಡ್ ಅಲುಗದು. ಕಾಳಿ ಎರಡರಲ್ಲಿ, ಅಂದರೆ 311 ಹರ್ಟ್ಸ್‌ನಲ್ಲಿ, ಸಿಂಥ್ 5 ಸೆಂಟ್ (ಅರೆಸ್ವರದ ನೂರರಲ್ಲಿ ಐದಂಶ) ಸರಿದರೆ ಎರಡರ ನಡುವೆ ಸೆಕೆಂಡಿಗೆ ಸುಮಾರು ಒಂದು ಬೀಟ್ (ಸದ್ದಿನ ಏರಿಳಿತ) ಹುಟ್ಟುತ್ತದೆ. ಉದ್ದ ಷಡ್ಜದಲ್ಲಿ ಅದು ಎಲ್ಲರಿಗೂ ಕೇಳುತ್ತದೆ.

ಫಿಲ್ಟರ್: ನಿಜವಾದ ವ್ಯತ್ಯಾಸ ಇರುವ ಜಾಗ

ಬೀದರಿನ ಬಿದ್ರಿ ಹೂಜಿಯಲ್ಲಿ ಬೆಳ್ಳಿ ಕೂರಿಸಿದ ಮೇಲೂ ಚಿತ್ತಾರ ಸರಿಯಾಗಿ ಕಾಣುವುದಿಲ್ಲ, ಸತುವಿನ ಬೂದು ಮೈಯೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ. ಕೋಟೆಯ ಮಣ್ಣು ಹಾಕಿದ ದ್ರಾವಣ ತಾಗಿ ಮೈ ಕಪ್ಪಾದಾಗಲೇ ಗೆರೆ ಎದ್ದು ನಿಲ್ಲುವುದು. ಪ್ಲಗಿನ್‌ಗಳೂ ಹಾಗೆಯೇ. ರೆಸೊನೆನ್ಸ್ ಸೊನ್ನೆ, ಮಿಕ್ಸರ್ 3 ಇರುವಾಗ ನಾಲ್ಕೂ ಒಂದೇ ಥರ ಕಾಣುತ್ತವೆ. ರೆಸೊನೆನ್ಸ್ ಏರಿಸಿ, ಮಿಕ್ಸರ್ ತುಂಬಿಸಿ, ಆಗ ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂದು ಗೊತ್ತಾಗುತ್ತದೆ.

ಮೊದಲು ಇಳಿಜಾರು ಅಳೆಯಿರಿ. ಆಸಿಲೇಟರುಗಳೆಲ್ಲ ಆಫ್, ವೈಟ್ ನಾಯ್ಸ್ (ಎಲ್ಲ ಹರ್ಟ್ಸ್‌ನಲ್ಲೂ ಸಮನಾಗಿರುವ ಸುಯ್ ಸದ್ದು) ಮಾತ್ರ ಆನ್. ಕಟಾಫ್ ಸುಮಾರು 500 ಹರ್ಟ್ಸ್. ಸ್ಪ್ಯಾನ್‌ನಲ್ಲಿ 2,000 ಮತ್ತು 4,000 ಹರ್ಟ್ಸ್‌ಗಳಲ್ಲಿನ ಮಟ್ಟ ಓದಿ. ನಾಲ್ಕು ಹಂತದ ಲ್ಯಾಡರ್ ಫಿಲ್ಟರಿನಲ್ಲಿ ಆ ಒಂದು ಸಪ್ತಕದಲ್ಲಿ 23ರಿಂದ 24 ಡಿಬಿ ಇಳಿಯಬೇಕು. ನಿಮಗೆ 19 ಬಂದರೆ ಪ್ಲಗಿನ್ ಮೇಲೆ ದೂರಬೇಡಿ. ಸ್ಪ್ಯಾನ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಸಪ್ತಕಕ್ಕೆ 4.5 ಡಿಬಿ ಓರೆ ಮಾಡಿ ತೋರಿಸುತ್ತದೆ. ಸೆಟ್ಟಿಂಗ್‌ಗೆ ಹೋಗಿ ಸ್ಲೋಪ್ 0 ಮಾಡಿ, ಕೆಳಮಿತಿಯನ್ನು −120ಕ್ಕೆ ಇಳಿಸಿ, ಬ್ಲಾಕ್ ಸೈಜ್ 8192 ಇಡಿ. ನಾಯ್ಸ್ ಪಿಂಕ್ ಆಗಿದ್ದರೆ ಇನ್ನೂ 3 ಡಿಬಿ ಹೆಚ್ಚು ಇಳಿದಂತೆ ಕಾಣುತ್ತದೆ, ಅದನ್ನೂ ನೋಡಿ.

ಈಗ ಮೋಗ್ ಲ್ಯಾಡರಿನ ಪ್ರಸಿದ್ಧ ಗುಣ: ರೆಸೊನೆನ್ಸ್ ಏರಿದಂತೆ ಬಾಸ್ ಸೊರಗುತ್ತದೆ. ಕಾರಣ ಸರಳ. ಫಿಲ್ಟರಿನ ಔಟ್‌ಪುಟ್ಟನ್ನು ತಿರುಗಿಸಿ ಇನ್‌ಪುಟ್‌ಗೆ ವಾಪಸ್ ಕೊಟ್ಟು ರೆಸೊನೆನ್ಸ್ ಹುಟ್ಟಿಸುತ್ತಾರೆ. ಕಟಾಫ್ ಬಳಿ ಅದು ಸಿಗ್ನಲ್‌ಗೆ ಕೂಡುತ್ತದೆ, ಬಾಸ್‌ನಲ್ಲಿ ಮಾತ್ರ ಕಳೆಯುತ್ತದೆ. ಸಿಳ್ಳೆ (ಫಿಲ್ಟರ್ ತಾನೇ ಹಾಡುವುದು) ಶುರುವಾಗುವ ಹಂತದಲ್ಲಿ ಈ ವಾಪಸ್ ಪ್ರಮಾಣ 4 ಪಟ್ಟು, ಆಗ ಬಾಸ್ ಐದರಲ್ಲಿ ಒಂದಂಶಕ್ಕೆ ಇಳಿಯುತ್ತದೆ, ಅಂದರೆ ಸುಮಾರು 14 ಡಿಬಿ. ಅಳೆಯುವುದು ಹೀಗೆ: 36ನೇ ಸ್ವರ, ಸಾ-ಟೂತ್, ಮಿಕ್ಸರ್ 2ರಷ್ಟು ಕಡಿಮೆ, ಕಟಾಫ್ ಸುಮಾರು 1,000 ಹರ್ಟ್ಸ್. ರೆಸೊನೆನ್ಸ್ ಸೊನ್ನೆಯಲ್ಲಿ 65 ಹರ್ಟ್ಸ್ ಗೆರೆಯ ಎತ್ತರ ಬರೆದುಕೊಳ್ಳಿ. ಸಿಳ್ಳೆ ಬರುವ ತುಸು ಮುಂಚಿನವರೆಗೆ ರೆಸೊನೆನ್ಸ್ ಏರಿಸಿ ಮತ್ತೆ ಓದಿ. 11ರಿಂದ 14 ಡಿಬಿ ಇಳಿದಿದ್ದರೆ ಲ್ಯಾಡರಿನ ನಡೆ ಸರಿಯಾಗಿದೆ. ಎರಡೋ ಮೂರೋ ಡಿಬಿ ಮಾತ್ರ ಇಳಿದಿದ್ದರೆ ಬಾಸ್ ತುಂಬಿಕೊಡುವ ಏರ್ಪಾಡು ಒಳಗಿದೆ. ಅದು ತಪ್ಪಲ್ಲ, ಡ್ಯಾನ್ಸ್ ಹಾಡಿನ ಬಾಸ್‌ಗೆ ಅದೇ ಅನುಕೂಲ. ಆದರೆ ಅದು ಮಿನಿಮೋಗ್ ನಡೆಯಲ್ಲ. "ದಪ್ಪ ಅದ" ಎಂಬ ಹೊಗಳಿಕೆ ಹಲವು ಸಲ ಸಲ್ಲುವುದು ಈ ಏರ್ಪಾಡಿಗೆ.

ಈ ಅಳತೆ ಮಾಡುವಾಗ ಮಟ್ಟ ಸಮ ಮಾಡುವ ಹಾಗಿಲ್ಲ, ಅಳೆಯುತ್ತಿರುವುದೇ ಮಟ್ಟದ ಇಳಿತವನ್ನು.

ಮುಂದೆ ಸಿಳ್ಳೆ. ಆಸಿಲೇಟರ್, ನಾಯ್ಸ್ ಎಲ್ಲ ಆಫ್ ಮಾಡಿ ರೆಸೊನೆನ್ಸ್ ಪೂರ್ತಿ ಏರಿಸಿದರೆ ಮಿನಿಮೋಗ್ ಫಿಲ್ಟರ್ ತಾನೇ ಸೈನ್ ಅಲೆಯಂತೆ ಹಾಡಬೇಕು. ಕೀಬೋರ್ಡ್ ಕಂಟ್ರೋಲ್ ಸ್ವಿಚ್ ಒಂದನೆಯದು ಮೂರನೇ ಒಂದು, ಎರಡನೆಯದು ಮೂರನೇ ಎರಡು ಭಾಗ ಹಿಂಬಾಲಿಸುತ್ತದೆ, ಎರಡೂ ಆನ್ ಆದರೆ ಪೂರ್ತಿ. 69ನೇ ಸ್ವರ ಹಿಡಿದು ಕಟಾಫನ್ನು 440 ಹರ್ಟ್ಸ್‌ಗೆ ಶ್ರುತಿ ಮಾಡಿ, 81 ಒತ್ತಿ, 880ರ ಹತ್ತಿರ ಬರಬೇಕು. ನಂತರ ಸಿಳ್ಳೆ ಇರುವಾಗಲೇ ಕಟಾಫನ್ನು ಕೈಯಿಂದ ಸರ್ರನೆ ಎಳೆಯಿರಿ. ಮೆಟ್ಟಿಲು ಮೆಟ್ಟಿಲಾಗಿ ಕೇಳಿದರೆ ಒಂದು ಸಂಶಯ ಪ್ಲಗಿನ್ ಮೇಲೆ, ಇನ್ನೊಂದು ನಿಮ್ಮ ಕೀಬೋರ್ಡಿನ ನಾಬ್ ಮೇಲೆ. ಮಿಡಿ ನಾಬಿಗೆ 128 ಮೆಟ್ಟಿಲು ಮಾತ್ರ. ಮೌಸಿನಿಂದ ಎಳೆದು ನೋಡಿದರೆ ಯಾರ ತಪ್ಪು ಎಂದು ತಿಳಿಯುತ್ತದೆ.

ಕೊನೆಗೆ ಒತ್ತಡ. ಮೂರೂ ಆಸಿಲೇಟರ್ ಆನ್ ಮಾಡಿ ಮಿಕ್ಸರನ್ನು 3, 5, 8, 10ಕ್ಕೆ ಇಟ್ಟು ನಾಲ್ಕು ರೆಂಡರ್ ಮಾಡಿ, ಪ್ರತಿಯೊಂದರ ಮಟ್ಟ ಸಮ ಮಾಡಿ ಕೇಳಿ. ಮಿನಿಮೋಗ್‌ನಲ್ಲಿ ಮಿಕ್ಸರ್ ತುಂಬಿದಂತೆ ಫಿಲ್ಟರಿನ ಬಾಯಿ ತುಂಬಿ ಸದ್ದು ಉಬ್ಬುತ್ತದೆ, ರೆಸೊನೆನ್ಸಿನ ಮೊನೆ ತುಸು ಮೊಂಡಾಗುತ್ತದೆ. 3ಕ್ಕೂ 10ಕ್ಕೂ ಬಣ್ಣದಲ್ಲಿ ಭೇದವೇ ಇಲ್ಲವೆಂದರೆ ಆ ಪ್ಲಗಿನ್‌ನಲ್ಲಿ ಮಿಕ್ಸರ್ ಬರೀ ವಾಲ್ಯೂಮ್ ನಾಬ್. ಇಡೀ ಪರೀಕ್ಷೆಯಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಹಾರ್ಮೋನಿಯಂ ಬೆರಳಿಗೆ ಸಿಗುವ ಪೆಟ್ಟು

ಹಾರ್ಮೋನಿಯಂ ಕೈ ಇರುವವರು ಷಡ್ಜ ಒತ್ತಿ ಹಿಡಿದೇ ಮೇಲಿನ ಸ್ವರಗಳನ್ನು ಆಡಿಸುತ್ತಾರೆ. ಮಿನಿಮೋಗ್ ಒಂದೇ ಸ್ವರದ ಯಂತ್ರ, ಅದೂ ಕೆಳಸ್ವರಕ್ಕೆ ಆದ್ಯತೆ ಕೊಡುವಂಥದ್ದು. ಕೆಳಗಿನ ಷಡ್ಜ ಹಿಡಿದಿರುವವರೆಗೆ ಮೇಲಿನ ಗಾಂಧಾರ ಒತ್ತಿದರೆ ಏನೂ ಕೇಳುವುದಿಲ್ಲ. ಪ್ಲಗಿನ್ ಕೆಟ್ಟಿದೆ ಎಂದು ತೆಗೆದುಹಾಕುವ ಮೊದಲು ನೋಟ್ ಪ್ರಯಾರಿಟಿ ಹುಡುಕಿ: ಲೋ, ಲಾಸ್ಟ್, ಹೈ. ಹೋಲಿಸುವಾಗ ಎಲ್ಲದರಲ್ಲೂ ಲೋ, ವೇದಿಕೆಯಲ್ಲಿ ನುಡಿಸುವಾಗ ಲಾಸ್ಟ್. ಹಾಗೆಯೇ ಅಸಲಿಯಲ್ಲಿ ಸ್ವರ ಬಿಡದೆ ಇನ್ನೊಂದಕ್ಕೆ ಹೋದರೆ ಎನ್ವಲಪ್ ಮತ್ತೆ ಶುರುವಾಗುವುದಿಲ್ಲ. ಒಂದು ಪ್ಲಗಿನ್‌ನಲ್ಲಿ ಪ್ರತಿ ಸ್ವರಕ್ಕೂ ಪೆಟ್ಟು ಬೀಳುತ್ತಿದ್ದು ಇನ್ನೊಂದರಲ್ಲಿ ಬೀಳದಿದ್ದರೆ ಅದು ಸದ್ದಿನ ಗುಣವಲ್ಲ, ಟ್ರಿಗರ್ ಸೆಟ್ಟಿಂಗ್.

ಗ್ಲೈಡ್ ಹೋಲಿಸಲು ಪಂಚಮದಿಂದ ಮೇಲಿನ ಷಡ್ಜಕ್ಕೆ ಮೀಂಡ್ ಎಳೆಯುವ ಒಂದು ಚಿಕ್ಕ ಸಾಲು ಬರೆಯಿರಿ. ಸಮಯವನ್ನು ನಾಬಿನಿಂದಲ್ಲ, ರೆಂಡರಿನಿಂದ ಅಳೆದು ಸಮ ಮಾಡಿ. ಆಮೇಲೆ ಕೇಳಬೇಕಾದ್ದು ಆ ಎಳೆತ ಒಂದೇ ವೇಗದಲ್ಲಿ ಹೋಗಿ ಥಟ್ಟನೆ ನಿಲ್ಲುತ್ತದೆಯೇ, ಗುರಿ ಸಮೀಪಿಸುತ್ತಾ ನಿಧಾನವಾಗಿ ಕೂರುತ್ತದೆಯೇ ಎಂಬುದು. ಮೀಂಡ್‌ಗೆ ಎರಡನೆಯದೇ ಹಿತ.

ಜೂನೊ ಕೋರಸ್ ಮತ್ತು ಜಾತ್ರೆಯ ಮೋನೊ ಮೈಕ್‌ಸೆಟ್

ಜೂನೊದ ಅರ್ಧ ಹೆಸರು ಅದರ ಕೋರಸ್‌ನಿಂದ. ಒಳಗೆ ಸದ್ದನ್ನು ಕ್ಷಣಕಾಲ ತಡೆದು ಕೊಡುವ ಎರಡು ಬಕೆಟ್ ಬ್ರಿಗೇಡ್ ಡಿಲೇ ಚಿಪ್ಪುಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಒಂದೇ ನಿಧಾನದ ಅಲೆ ಅಲುಗಾಡಿಸುತ್ತದೆ, ಆದರೆ ವಿರುದ್ಧ ದಿಕ್ಕಿನಲ್ಲಿ. ಎಡ ಮುಂದಾದಾಗ ಬಲ ಹಿಂದೆ. ಮೊದಲ ಬಟನ್ ಸೆಕೆಂಡಿಗೆ ಸುಮಾರು ಅರ್ಧ ಸುತ್ತು, ಎರಡನೆಯದು ಅದಕ್ಕಿಂತ ವೇಗ. ಜೂನೊ-60ರಲ್ಲಿ ಎರಡೂ ಒಟ್ಟಿಗೆ ಒತ್ತಿದರೆ ವೇಗದ ನಡುಕ.

ಹೆಡ್‌ಫೋನಿನಲ್ಲಿ ಕೇಳಿ ಮರುಳಾಗಿ ಆರಿಸಿದ ಪ್ಯಾಡ್ ಜಾತ್ರೆಯ ವೇದಿಕೆಯಲ್ಲಿ ಮಂಕಾಗುವುದು ಇದರಿಂದಲೇ. ಸೌಂಡಿನವರು ಕೀಬೋರ್ಡಿಗೆ ಕೊಡುವುದು ಸಾಮಾನ್ಯವಾಗಿ ಒಂದೇ ಚಾನೆಲ್, ಗೋಪುರದ ಎರಡೂ ಬದಿಯ ಬಾಕ್ಸಿಗೆ ಹೋಗುವುದೂ ಒಂದೇ ಸಿಗ್ನಲ್. ಹಾಗಾಗಿ ರೀಪರಿನ ಮಾಸ್ಟರ್ ಮೋನೊ ಬಟನ್ ಒತ್ತಿಯೂ ಹೋಲಿಸಿ. ಕೋರಸ್ ಅಗಲ ಕಳೆದುಕೊಂಡರೂ ಅಲುಗಾಟ ಉಳಿದರೆ ಸರಿ. ಅಲುಗಾಟವೇ ಮಾಯವಾಗಿ ಒಣ ಸಾ-ಟೂತ್ ಉಳಿದರೆ, ಆ ಪ್ಲಗಿನ್ ಅಗಲ ಹೆಚ್ಚಿಸಲು ಒಂದು ಬದಿಯ ಕೋರಸ್ ಅಲೆಯನ್ನು ತಲೆಕೆಳಗು ಮಾಡಿದೆ, ಎರಡೂ ಕೂಡಿದಾಗ ಒಂದನ್ನೊಂದು ಅಳಿಸಿವೆ. ಪರಿಹಾರವಿದೆ: ಎರಡನ್ನೂ ಕೂಡಿಸುವ ಕೇಬಲ್ ಬಿಟ್ಟು ಎಡ ಚಾನೆಲ್ ಒಂದನ್ನೇ ಮಿಕ್ಸರಿಗೆ ಕಳಿಸಿ.

ಬಾಸ್ ಕತ್ತರಿಸುವ ಹೈಪಾಸ್ ಸ್ಲೈಡರಿನಲ್ಲೂ ಒಂದು ಹಳ್ಳ ತೋಡಿಟ್ಟಿದೆ. ಜೂನೊ-60ರ ನಂತರ ಬಂದ ಜೂನೊ-106ರಲ್ಲಿ ಅದು 0ಗೆ ಇದ್ದರೆ ಬಾಸ್ ಎತ್ತಲ್ಪಡುತ್ತದೆ, 1ರಲ್ಲಿ ಸಮತಟ್ಟು. ಜೂನೊ-60ರಲ್ಲಿ 0 ಅಂದರೆ ಸಮತಟ್ಟು. 60ರ ನಕಲನ್ನು 106ರ ನಕಲಿನ ಜೊತೆ ಎರಡೂ 0ಯಲ್ಲಿಟ್ಟು ಹೋಲಿಸಿ "106 ಭಾರಿ ಅದ" ಅನ್ನುವುದು ಇಲ್ಲಿಂದ. ಇನ್ನು ಕೋರಸ್‌ನ ಹಿಸ್ ಅಸಲಿಯಲ್ಲೂ ಇತ್ತು, ಅದನ್ನು ಕಡಿಮೆ ಮಾಡಲು ಕೊಟ್ಟಿದ್ದರೆ ಮಾಡಿ. ಹೆಡ್‌ಫೋನಿನಲ್ಲಿ ಹಿಸ್ ಬದಲು "ಗುಂಯ್" ಕೇಳಿ ಸ್ಪ್ಯಾನ್‌ನಲ್ಲಿ 50, 100, 150 ಹರ್ಟ್ಸ್ ಗೆರೆ ಕಂಡರೆ ಅದು ಯಾವ ಪ್ಲಗಿನ್‌ನದೂ ಆಗಿರಲಿಕ್ಕಿಲ್ಲ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.

ಪ್ರಾಫೆಟ್-5ರ ಬಗ್ಗೆ ಚಿಕ್ಕದಾಗಿ. ಮೊದಲ ಎರಡು ಆವೃತ್ತಿಗಳಲ್ಲಿ ಎಸ್‌ಎಸ್‌ಎಂ ಚಿಪ್, ಮೂರನೆಯದರಲ್ಲಿ ಕರ್ಟಿಸ್ ಚಿಪ್. ಎರಡು ಪ್ಲಗಿನ್ ಬೇರೆಬೇರೆ ಕೇಳಿದರೆ ಯಾವುದು ಯಾವ ಆವೃತ್ತಿಯ ನಕಲು ಎಂದು ಕೈಪಿಡಿಯಲ್ಲಿ ನೋಡಿ, ಎರಡೂ ಸರಿಯಿರಬಹುದು. ವಾಯ್ಸ್ (ಒಮ್ಮೆಗೆ ನುಡಿಯುವ ಸ್ವರಗಳ ಸಂಖ್ಯೆ) 5ಕ್ಕೆ ಇಳಿಸಿ ಆರು ಸ್ವರ ಒತ್ತಿ, ಯಾವ ಸ್ವರವನ್ನು ಹೇಗೆ ಕತ್ತರಿಸುತ್ತದೆ ಕೇಳಿ. ಪಾಲಿ-ಮಾಡ್‌ನಲ್ಲಿ ಎರಡನೇ ಆಸಿಲೇಟರಿನಿಂದ ಮೊದಲನೆಯದರ ಪಿಚ್ ಅಲುಗಿಸಿ ಗಂಟೆಯಂಥ ಸದ್ದು ಮಾಡಿ ಮೇಲಿನ ಸಪ್ತಕದಲ್ಲಿ ನುಡಿಸಿದರೆ ಏಲಿಯಾಸಿಂಗ್ ಇದ್ದದ್ದು ತಾನಾಗೇ ಹೊರಬೀಳುತ್ತದೆ.

ಹೆಸರು ಮುಚ್ಚಿ ಕೇಳುವುದು

ಅಳತೆಗಳು ಮುಗಿದ ಮೇಲೆ 8 ಸೆಕೆಂಡಿನ ನಾಲ್ಕು ತುಣುಕು ಮಾಡಿ: ಬಾಸ್, ಲೀಡ್, ಪ್ಯಾಡ್, ಚುಟುಕು ಸ್ಟ್ಯಾಬ್. ಇನ್ನೂ ಉದ್ದವಾದರೆ ಮೊದಲನೆಯದು ಮರೆತುಹೋಗುತ್ತದೆ. ಫೂಬಾರ್2000 ಎಂಬ ಪ್ಲೇಯರಿಗೆ ಎಬಿಎಕ್ಸ್ ಕಂಪಾರೇಟರ್ (ಹೆಸರು ಮುಚ್ಚಿ ನುಡಿಸಿ ಯಾವುದೆಂದು ಕೇಳುವ ಸಾಧನ) ಹಾಕಿ ಎರಡು ಫೈಲ್ ಕೊಡಿ. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ ಅದು ಬರೀ ಊಹೆಯಾಗಿರುವ ಸಾಧ್ಯತೆ 4 ಶೇಕಡಾಕ್ಕಿಂತ ಕಡಿಮೆ. 9 ಬಂದರೆ ನಾಣ್ಯ ಚಿಮ್ಮಿದಂತೆಯೇ ಲೆಕ್ಕ. ಒಂದೇ ಕೂತಿಕೆಯಲ್ಲಿ ಮಾಡಿ, ಅಂಕ ಕಡಿಮೆ ಬಂತೆಂದು ಇನ್ನೊಂದು ಸುತ್ತು ಆಡಿ ಒಳ್ಳೆಯದನ್ನು ಮಾತ್ರ ಬರೆದುಕೊಳ್ಳಬೇಡಿ. ಗುರುತಿಸಲಾಗದಿದ್ದರೆ ಅಗ್ಗದ್ದನ್ನು ಕೊಳ್ಳಿ. ಗುರುತಿಸಬಲ್ಲಿರಾದರೆ ಯಾವುದು ಇಷ್ಟ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಗೆಳೆಯರೊಬ್ಬರಿಂದ ಫೈಲುಗಳಿಗೆ ಅ, ಆ, ಇ ಎಂದು ಹೆಸರಿಡಿಸಿಕೊಂಡು ಕೇಳಿ.

ಮೇ ತಿಂಗಳ ಪರೀಕ್ಷೆ

ಸ್ಟುಡಿಯೊಗೆ ಮಾತ್ರ ಬೇಕಿದ್ದರೆ ಇಲ್ಲಿಗೇ ಮುಗಿಯಿತು. ವೇದಿಕೆಗೆ ಬೇಕಿದ್ದರೆ ಸದ್ದಿನಷ್ಟೇ ಸಿಪಿಯು ಮುಖ್ಯ. ಡೀವಾದಲ್ಲಿ ನಿಖರತೆಗೆ ನಾಲ್ಕು ಹಂತ: ಡ್ರಾಫ್ಟ್, ಫಾಸ್ಟ್, ಗ್ರೇಟ್, ಡಿವೈನ್. ಹೋಲಿಕೆಯ ರೆಂಡರ್ ಡಿವೈನ್‌ನಲ್ಲಿ ಮಾಡಿದಿರಿ, ವೇದಿಕೆಯಲ್ಲಿ ಓಡುವುದು ಫಾಸ್ಟ್. ಹಾಗಿದ್ದರೆ ಫಾಸ್ಟ್‌ನಲ್ಲೂ ಒಂದು ರೆಂಡರ್ ಮಾಡಿ ಹೋಲಿಸಲೇಬೇಕು.

ಬಫರ್ (ಕಂಪ್ಯೂಟರ್ ಒಮ್ಮೆಗೆ ಲೆಕ್ಕ ಹಾಕುವ ಸದ್ದಿನ ತುಣುಕು) 256 ಸ್ಯಾಂಪಲ್ ಇಡಿ, 44,100ರಲ್ಲಿ ಅದು 5.8 ಮಿಲಿಸೆಕೆಂಡು. ಒಳ್ಳೆಯ ಎಎಸ್‌ಐಒ ಸೌಂಡ್ ಡ್ರೈವರ್ ಇದ್ದರೆ ಬೆರಳಿಗೆ ತಡ ಗೊತ್ತಾಗುವುದಿಲ್ಲ. ರಿಲೀಸ್ 4 ಸೆಕೆಂಡು ಇರುವ ಆರು ಸ್ವರದ ಕಾರ್ಡುಗಳನ್ನು ಲೂಪ್ ಮಾಡಿ ಅರ್ಧ ಗಂಟೆ ಓಡಿಸಿ. ಹಿಂದಿನ ಕಾರ್ಡಿನ ಬಾಲ ಉಳಿದಿರುವಾಗ ಹೊಸದು ಬರುವುದರಿಂದ ನಿಜವಾದ ಹೊರೆ ಆಗ ಗೊತ್ತಾಗುತ್ತದೆ. ಮೊದಲ ಐದು ನಿಮಿಷ ಚೆನ್ನಾಗಿದ್ದು ಆಮೇಲೆ ಚಟಪಟ ಶುರುವಾದರೆ ಲ್ಯಾಪ್‌ಟಾಪ್ ಕಾದು ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಂಡಿದೆ. ಫ್ಯಾನ್ ಕೆಳಗೆ ಡಿಸೆಂಬರಿನಲ್ಲಿ ಪಾಸಾದ ಪ್ಲಗಿನ್, 42 ಡಿಗ್ರಿಯ ಮೇ ಮಧ್ಯಾಹ್ನದ ಶಾಮಿಯಾನದಲ್ಲಿ ಫೇಲಾಗಬಹುದು. ಲ್ಯಾಪ್‌ಟಾಪ್ ಕೆಳಗೆ ಎರಡು ಇಂಚು ಸಂದು ಬಿಡಿ, ಮೇಜಿನ ಮೇಲಿನ ವೆಲ್ವೆಟ್ ಬಟ್ಟೆ ತೆಗೆಸಿ.

ಅದೇ ಲೂಪ್ ಓಡುತ್ತಿರುವಾಗ ಚಾರ್ಜರ್ ಕಿತ್ತು ನೋಡಿ. ಕರೆಂಟ್ ಹೋಗಿ ಜನರೇಟರ್ ಹತ್ತುವವರೆಗಿನ ಆ ಒಂದೆರಡು ನಿಮಿಷ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರುತ್ತದೆ, ಬ್ಯಾಟರಿಯಲ್ಲಿ ವಿಂಡೋಸ್ ವೇಗ ತಗ್ಗಿಸುತ್ತದೆ. ಪವರ್ ಸೆಟ್ಟಿಂಗ್ ಬ್ಯಾಟರಿಗೂ ಹೈ ಪರ್ಫಾರ್ಮೆನ್ಸ್ ಇರಲಿ. ಬಳಿಕ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಪ್ಲಗಿನ್ ತೆರೆಯಿರಿ. ಚಂದಾ ಕಟ್ಟಿ ಬಳಸುವ ಪ್ಲಗಿನ್‌ಗಳು ಆಗಾಗ ನೆಟ್ ಕೇಳುತ್ತವೆ. ಟವರ್ ಸಿಗದ ಹಳ್ಳಿಯ ಜಾತ್ರೆಗೆ ಹೊರಡುವ ಹಿಂದಿನ ದಿನ ಮನೆಯಲ್ಲೇ ಒಮ್ಮೆ ಲಾಗಿನ್ ಆಗಿ ಹೊರಡಿ, ಮತ್ತೆ ಅದೇ ಪ್ಯಾಡನ್ನು ಎಕ್ಸ್‌ಪಿಎಸ್-10ರ ಒಳಗಿನ ಟೋನಿನಲ್ಲೂ ಒಂದು ಬಟನ್‌ಗೆ ಸಿದ್ಧ ಇಟ್ಟುಕೊಳ್ಳಿ.